ರೈಫಲ್ ಸ್ಕೋಪ್ ಕೊಳ್ಳೋ ಮುನ್ನ: ದೊಡ್ಡ ನಂಬರಿಗಿಂತ ಆ ‘1’ ಯಾಕೆ ಮುಖ್ಯ?

ಕಳೆದ ತೊಗರಿ ಸುಗ್ಗಿಗೆ ಸ್ವಲ್ಪ ಮುಂಚೆ ಶಹಾಪುರ ತಾಲ್ಲೂಕಿನ ಶಿರವಾಳಕ್ಕೆ ಹೋಗಿದ್ದೆ. ಊರಿನ ಹಳೇ ಗುಡಿಗಳನ್ನು ನೋಡೋಣ ಅಂತ ಹೋದವನನ್ನು ಪರಿಚಯದ ಕಾಕಾ ಒಬ್ಬರು ಸೀದಾ ತಮ್ಮ ಹೊಲಕ್ಕೆ ಕರ್ಕೊಂಡು ಹೋದ್ರು. ತೊಗರಿ ಸಾಲುಗಳ ನಡುವೆ ಕಾಡುಹಂದಿ ನುಗ್ಗಿ ಹೋದ ದಾರಿ ತೋರಿಸಿದರು. ಆಮೇಲೆ ಬಂದ ಪ್ರಶ್ನೆ ಇದು: “ತಮ್ಮಾ, ನೀ ಇಂಜಿನಿಯರ್ ಓದೀದಿ. ನಮ್ಮ ರೈಫಲ್ಲಿಗೆ ಒಂದ್ ಸ್ಕೋಪ್ ಹಾಕಿಸ್ಬೇಕು. ನಮ್ಮ ಹುಡುಗ ಎಂಟ್ ಎಕ್ಸ್ ಛಲೋ ಅಂತಾನ. ಹೌದೇನು?”

ಅಪ್ಪನ ಕಾಲದಿಂದ ಬಂದ ಲೈಸೆನ್ಸ್, .315 ಸ್ಪೋರ್ಟಿಂಗ್ ರೈಫಲ್ ಅವರದ್ದು. ‘ಎಂಟ್ ಎಕ್ಸ್’ ಸಲಹೆ ಕೊಟ್ಟ ಹುಡುಗನಿಗೆ ವಯಸ್ಸು ಹದಿನಾರು. ಅವನ ಜ್ಞಾನವೆಲ್ಲ ಬಿಜಿಎಂಐ ಆಟದ್ದು. 2020ರಲ್ಲಿ ಪಬ್‌ಜಿ ಬ್ಯಾನ್ ಆಗಿ 2021ರಲ್ಲಿ ಬಿಜಿಎಂಐ ಹೆಸರಲ್ಲಿ ವಾಪಸ್ ಬಂದಮೇಲೆ ಹಳ್ಳಿ ಹಳ್ಳಿಯ ಹುಡುಗರಿಗೂ 2ಎಕ್ಸ್, 4ಎಕ್ಸ್, 8ಎಕ್ಸ್ ಅನ್ನೋ ಪದಗಳು ಬಾಯಿಪಾಠ. ಆಟದಲ್ಲಿ ದೊಡ್ಡ ನಂಬರ್ ಸಿಕ್ಕರೆ ಅದೃಷ್ಟ. ಹೊಲದಲ್ಲಿ ಹಾಗಲ್ಲ. ಕಾಕಾನಿಗೆ ಅವತ್ತು ಬಾಯಿಮಾತಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಕ್ರಮವಾಗಿ, ಲೆಕ್ಕ ಸಮೇತ ಬರೀತಿದೀನಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇಟ್ಕೊಂಡವರಿಗೆ, ಕೊಡಗು-ಮಲೆನಾಡಿನ ಕೋವಿ ಇರೋ ಮನೆಯವರಿಗೆ, ಮಕ್ಕಳನ್ನು ಶೂಟಿಂಗ್ ಕ್ರೀಡೆಗೆ ಸೇರಿಸಬೇಕು ಅನ್ನೋ ಅಪ್ಪ-ಅಮ್ಮಂದಿರಿಗೆ ಇದು ಉಪಯೋಗಕ್ಕೆ ಬರಬಹುದು.

ಏನಿದು ‘ಕಡಿಮೆ ಪವರಿನ’ ಸ್ಕೋಪ್?

ಸ್ಕೋಪ್ ಅಂದರೆ ಬಂದೂಕಿನ ಮೇಲೆ ಕೂರುವ ಪುಟ್ಟ ದುರ್ಬೀನು. ಒಳಗೆ ಗುರಿ ಹಿಡಿಯೋಕೆ ಒಂದು ಗೆರೆ ಅಥವಾ ಚುಕ್ಕೆ ಇರುತ್ತೆ. ಅದಕ್ಕೆ ರೆಟಿಕಲ್ ಅಂತಾರೆ. ಸ್ಕೋಪಿನ ಮೇಲೆ ‘1-6×24’ ಅಂತ ಬರೆದಿದ್ದರೆ ಅರ್ಥ ಇಷ್ಟೇ: ಉಂಗುರ ತಿರುಗಿಸಿ 1 ಪಟ್ಟಿನಿಂದ 6 ಪಟ್ಟಿನವರೆಗೆ ಹಿಗ್ಗಿಸಬಹುದು, ಮುಂದಿನ ಲೆನ್ಸಿನ ವ್ಯಾಸ 24 ಮಿಲಿಮೀಟರ್. ಹೀಗೆ 1ರಿಂದ ಶುರುವಾಗುವ ಸ್ಕೋಪುಗಳನ್ನೇ ಕಡಿಮೆ ಪವರಿನ ವೇರಿಯೇಬಲ್ ಸ್ಕೋಪ್ ಅನ್ನೋದು. 1-4×24, 1-6×24, 1-8×28, 1-10×28 ಇವು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕಾಣುವ ಅಳತೆಗಳು.

ಇದರ ಮೂಲ ನಮ್ಮ ಕಥೆಗೆ ಹತ್ತಿರದ್ದೇ. ಜರ್ಮನಿ, ಆಸ್ಟ್ರಿಯಾ ಕಡೆ ಕಾಡುಹಂದಿಯನ್ನು ಪೊದೆಯಿಂದ ಎಬ್ಬಿಸಿ ಓಡಿಸುವ ಬೇಟೆ ಪದ್ಧತಿ ಇದೆ. ಹಂದಿ ಹತ್ತಿರದಲ್ಲೇ ಅಡ್ಡ ಓಡುತ್ತೆ, ಪಕ್ಕದಲ್ಲಿ ಬೇರೆ ಜನ ನಿಂತಿರುತ್ತಾರೆ. ಅಂಥಲ್ಲಿ ದೊಡ್ಡ ಪವರ್ ಇಟ್ಕೊಂಡರೆ ಏನೂ ಕಾಣಲ್ಲ. ಅದಕ್ಕೇ 1ರ ಆಸುಪಾಸಿನಲ್ಲಿ ಶುರುವಾಗುವ, ಅಗಲವಾಗಿ ಕಾಣುವ ಸ್ಕೋಪುಗಳು ಅಲ್ಲಿ ಬಳಕೆಗೆ ಬಂದವು. ಸೇನೆಗಳು ದೊಡ್ಡ ಪ್ರಮಾಣದಲ್ಲಿ ಇದರತ್ತ ತಿರುಗಿದ್ದು ಆಮೇಲೆ. ಅಮೆರಿಕದ ಮರೀನ್ ಪಡೆ 2020ರಲ್ಲಿ ಟ್ರಿಜಿಕಾನ್ ಕಂಪನಿಯ 1-8×28 ಸ್ಕೋಪ್ ಆರಿಸಿತು. ಅಲ್ಲಿನ ಭೂಸೇನೆ 2022ರಲ್ಲಿ ವೋರ್ಟೆಕ್ಸ್ ಕಂಪನಿಯ 1-8×30 ಸ್ಕೋಪಿಗೆ ದೂರ ಅಳೆಯುವ ಲೇಸರ್, ಲೆಕ್ಕ ಹಾಕುವ ಕಂಪ್ಯೂಟರ್ ಸೇರಿಸಿದ ಸಾಧನವನ್ನು ಒಪ್ಪಿಕೊಂಡಿತು. ಸೈನಿಕ ಒಂದೇ ದಿನ ಕೋಣೆಯೊಳಗೂ ಬಯಲಲ್ಲೂ ಗುರಿ ಹಿಡಿಯಬೇಕಾಗುತ್ತೆ, ಅವನಿಗೆ 8 ಬೇಕು. ಪ್ರಶ್ನೆ, ನಮಗೆ ಎಷ್ಟು ಬೇಕು?

ಎಷ್ಟು ಪವರ್ ಸಾಕು: ಎರಡು ಸರಳ ಲೆಕ್ಕ

ಮೊದಲನೇ ಲೆಕ್ಕ: ದೂರವನ್ನು ಪವರಿನಿಂದ ಭಾಗಿಸಿ. 100 ಮೀಟರ್ ಆಚೆಯದ್ದು 4ಎಕ್ಸ್‌ನಲ್ಲಿ 25 ಮೀಟರ್ ದೂರದಲ್ಲಿ ಬರಿಗಣ್ಣಿಗೆ ಕಂಡಷ್ಟು ದೊಡ್ಡದಾಗಿ ಕಾಣುತ್ತೆ. 8ಎಕ್ಸ್‌ನಲ್ಲಿ 12.5 ಮೀಟರ್. ಇಪ್ಪತ್ತೈದು ಮೀಟರ್ ಹತ್ತಿರದ ಹಂದಿ ಗುರುತು ಹಿಡಿಯೋಕೆ ಯಾರಿಗೂ ಕಷ್ಟ ಆಗಲ್ಲ. ಹಾಗಾಗಿ ಹೊಲ, ತೋಟದ ದೂರಕ್ಕೆ 4ಎಕ್ಸ್ ಹೆಚ್ಚೂಕಮ್ಮಿ ಸಾಕು. 6ಎಕ್ಸ್ ಇದ್ದರೆ ಧಾರಾಳ.

ಎರಡನೇ ಲೆಕ್ಕ ಇನ್ನೂ ಮುಖ್ಯ: ಎಷ್ಟು ಅಗಲ ಕಾಣುತ್ತೆ? 1-6 ಸ್ಕೋಪುಗಳಲ್ಲಿ 1ಕ್ಕೆ ಇಟ್ಟಾಗ 100 ಮೀಟರ್ ದೂರದಲ್ಲಿ ಸುಮಾರು 36 ಮೀಟರ್ ಅಗಲ ಕಾಣುತ್ತೆ, 6ಕ್ಕೆ ಇಟ್ಟಾಗ ಸುಮಾರು 6 ಮೀಟರ್. ಈಗ ಇದನ್ನು ತೊಗರಿ ಹೊಲಕ್ಕೆ ತನ್ನಿ. ಆಳೆತ್ತರ ಬೆಳೆದ ತೊಗರಿಯಲ್ಲಿ ನೋಟ ಹರಿಯೋದೇ 20 ಮೀಟರ್ ಅಂತ ಇಟ್ಕೊಳ್ಳಿ. ಅಷ್ಟು ದೂರದಲ್ಲಿ 1ಎಕ್ಸ್‌ನಲ್ಲಿ ಕಾಣೋದು 7 ಮೀಟರ್ ಅಗಲ. 6ಎಕ್ಸ್‌ನಲ್ಲಿ ಬರೀ 1.2 ಮೀಟರ್.

ಒಂದು ದೊಡ್ಡ ಹಂದಿಯ ಉದ್ದವೇ ಅಷ್ಟಿರುತ್ತೆ. ಅಂದರೆ 6ಎಕ್ಸ್‌ನಲ್ಲಿ ಸ್ಕೋಪಿನ ತುಂಬಾ ಹಂದಿಯೊಂದೇ. ಅದರಿಂದ ಎರಡು ಮೀಟರ್ ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ನಿಮಗೆ ಗೊತ್ತೇ ಆಗಲ್ಲ.

ಇದು ಹೆದರಿಸೋಕೆ ಹೇಳಿದ ಮಾತಲ್ಲ. ನೀರಾವರಿ ಹೊಲ ಇರೋರಿಗೆ ಗೊತ್ತು, ತ್ರೀಫೇಸ್ ಕರೆಂಟು ಬರೋದು ಎಷ್ಟೋ ಸಲ ರಾತ್ರಿಯೇ. ಮೋಟರ್ ಹಚ್ಚೋಕೆ, ನೀರು ತಿರುವೋಕೆ ರಾತ್ರಿ ಎರಡಕ್ಕೋ ಮೂರಕ್ಕೋ ಜನ ಹೊಲದಲ್ಲಿ ಓಡಾಡ್ತಾರೆ. ಕೆಲವರ ಹತ್ತಿರ ಬ್ಯಾಟರಿ ಇರುತ್ತೆ, ಕೆಲವರ ಹತ್ತಿರ ಇರಲ್ಲ. ಕತ್ತಲಲ್ಲಿ ಬಗ್ಗಿ ಕಾಲುವೆ ಕಟ್ಟುವ ಮನುಷ್ಯನ ಆಕಾರ, ಸಪ್ಪಳ ಯಾವುದಕ್ಕೂ ಹೋಲಬಹುದು. ಕಾಡುಹಂದಿ ಅಂತ ತಿಳಿದು ಮನುಷ್ಯನ ಮೇಲೆ ಗುಂಡು ಹಾರಿಸಿದ ಸುದ್ದಿಗಳನ್ನು ಕೊಡಗು, ಮಲೆನಾಡಿನಿಂದ ನಾವು ಓದುತ್ತಲೇ ಬಂದಿದ್ದೇವೆ. ಸತ್ತವರು ಎಷ್ಟೋ ಸಲ ಜೊತೆಗೆ ಹೋದವರೇ, ಪಕ್ಕದ ತೋಟದವರೇ.

ಆದ್ದರಿಂದ ಮೊದಲ ನಿಯಮ: ಸ್ಕೋಪ್ ಯಾವಾಗಲೂ 1ರಲ್ಲೇ ಇರಲಿ. ಏನು ಕಂಡಿದ್ದು ಅಂತ ಖಚಿತವಾಗಿ, ಸುತ್ತಲೂ ಹಿಂದೂ ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ಬೇಕಿದ್ದರೆ ಹಿಗ್ಗಿಸಿ. ಕೊಳ್ಳುವಾಗಲೂ ಅಷ್ಟೇ, 6 ಎಷ್ಟು ಚೆನ್ನಾಗಿದೆ ಅನ್ನೋದಕ್ಕಿಂತ 1 ಎಷ್ಟು ಚೆನ್ನಾಗಿದೆ ನೋಡಿ.

ಆ ‘1’ ನಿಜವಾಗಿಯೂ 1 ಆಗಿದೆಯಾ?

ಒಳ್ಳೆಯ ಸ್ಕೋಪನ್ನು 1ಕ್ಕೆ ಇಟ್ಟು ಎರಡೂ ಕಣ್ಣು ತೆರೆದು ನೋಡಿದರೆ ಸ್ಕೋಪಿನ ಅಂಚು ಹೆಚ್ಚೂಕಮ್ಮಿ ಮಾಯ ಆಗಿ, ಎದುರಿನ ದೃಶ್ಯದ ಮೇಲೆ ಚುಕ್ಕೆಯೊಂದೇ ತೇಲಿದಂತೆ ಕಾಣಬೇಕು. ಅಗ್ಗದ ಸ್ಕೋಪುಗಳಲ್ಲಿ 1 ಅಂತ ಬರೆದಿದ್ದರೂ ಅಸಲಿಗೆ 1.1, 1.2 ಇರುತ್ತೆ. ಆಗ ಒಂದು ಕಣ್ಣಿಗೆ ಒಂದು ಅಳತೆ, ಇನ್ನೊಂದಕ್ಕೆ ಇನ್ನೊಂದು ಅಳತೆ ಕಂಡು ತಲೆ ಸುತ್ತಿದಂತಾಗುತ್ತೆ.

ಪರೀಕ್ಷೆ ಸುಲಭ. ಅಂಗಡಿಯಲ್ಲಿ ಬಂದೂಕಿಗೆ ಹಾಕದೆ, ಬರೀ ಸ್ಕೋಪನ್ನೇ ಕೈಯಲ್ಲಿ ಹಿಡಿದು ರಸ್ತೆಯ ಲೈಟ್ ಕಂಬವನ್ನೋ ಬಾಗಿಲ ಚೌಕಟ್ಟನ್ನೋ ನೋಡಿ. ಸ್ಕೋಪಿನ ಒಳಗಿನ ಕಂಬ, ಹೊರಗಿನ ಕಂಬ ಒಂದೇ ದಪ್ಪ ಇದೆಯಾ? ಅಂಚಿನ ಹತ್ತಿರ ನೆಟ್ಟಗಿನ ಗೆರೆ ಬಾಗುತ್ತಾ? ಬಾಗಿದರೆ, ದಪ್ಪ ಬೇರೆ ಆದರೆ ಬೇರೆ ಸ್ಕೋಪ್ ನೋಡಿ. ಆನ್‌ಲೈನಲ್ಲಿ ತರಿಸಿದರೆ ಈ ಪರೀಕ್ಷೆಗೇ ಅವಕಾಶ ಇಲ್ಲ. ದೊಡ್ಡ ಬ್ರ್ಯಾಂಡುಗಳ ನಕಲಿ ಮಾಲು ಆನ್‌ಲೈನಲ್ಲಿ ಸಾಕಷ್ಟಿದೆ ಅನ್ನೋದೂ ನೆನಪಿರಲಿ. ಸೀರಿಯಲ್ ನಂಬರ್ ಕಂಪನಿಯವರಲ್ಲಿ ತಾಳೆ ಆಗದಿದ್ದರೆ ದುಡ್ಡು ಕೊಡಬೇಡಿ.

ಬೆಳಕು: ಮುಸ್ಸಂಜೆ ಒಂದು ಕಥೆ, ನಡುಮಧ್ಯಾಹ್ನ ಇನ್ನೊಂದು

ಹಂದಿ ಬರೋದು ಮುಸ್ಸಂಜೆ, ನಸುಕಿನಲ್ಲಿ. ಆಗ ಕೆಲಸಕ್ಕೆ ಬರೋ ಲೆಕ್ಕ ‘ಎಕ್ಸಿಟ್ ಪ್ಯೂಪಿಲ್’, ಅಂದರೆ ಸ್ಕೋಪಿನ ಹಿಂಬದಿಯಿಂದ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ. ಮುಂದಿನ ಲೆನ್ಸಿನ ವ್ಯಾಸವನ್ನು ಪವರಿನಿಂದ ಭಾಗಿಸಿದರೆ ಸಿಗುತ್ತೆ. 24 ಮಿ.ಮೀ. ಲೆನ್ಸ್ 4ಎಕ್ಸ್‌ನಲ್ಲಿ 6 ಮಿ.ಮೀ. ಕೊಡುತ್ತೆ, 6ಎಕ್ಸ್‌ನಲ್ಲಿ 4. ಅದೇ 28ರ ಲೆನ್ಸ್ 10ಎಕ್ಸ್‌ನಲ್ಲಿ ಕೊಡೋದು 2.8 ಮಾತ್ರ. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ 7 ಮಿ.ಮೀ.ವರೆಗೆ ಅರಳುತ್ತೆ, ಐವತ್ತು ದಾಟಿದವರದ್ದು 5ರ ಆಸುಪಾಸು. ಅಂದರೆ ಐವತ್ತೈದರ ಕಾಕಾ ಮುಸ್ಸಂಜೆಯಲ್ಲಿ 10ಎಕ್ಸ್ ಇಟ್ಟರೆ ದೊಡ್ಡದಾಗಿ ಕಾಣೋದು ಕತ್ತಲೆಯೇ. 4ರಿಂದ 5ಎಕ್ಸ್ ಒಳಗಿದ್ದರೆ ಅವರ ಕಣ್ಣು ಎಷ್ಟು ಬೆಳಕು ತಗೊಳ್ಳಬಹುದೋ ಅಷ್ಟನ್ನೂ ಸ್ಕೋಪ್ ಕೊಡುತ್ತೆ.

ಎಕ್ಸಿಟ್ ಪ್ಯೂಪಿಲ್ ಚಿಕ್ಕದಾದಷ್ಟೂ ಇನ್ನೊಂದು ತೊಂದರೆ: ಕಣ್ಣನ್ನು ಸರಿಯಾಗಿ ಅದೇ ಜಾಗದಲ್ಲಿ ಇಡಬೇಕು. ತುಸು ಆಚೀಚೆ ಆದರೂ ಕಪ್ಪು ನೆರಳು ಬಂದು ಮುಚ್ಚುತ್ತೆ. ಮಂಚಿಕೆ ಮೇಲೆ ವಕ್ರವಾಗಿ ಕೂತವರಿಗೆ ಇದು ದೊಡ್ಡ ಕಿರಿಕಿರಿ.

ಲೆನ್ಸಿನ ಲೇಪನವನ್ನೂ ಕೇಳಿ. ಲೇಪನ ಇಲ್ಲದ ಗಾಜಿನ ಪ್ರತಿ ಮೈಯಲ್ಲೂ ಸುಮಾರು ಶೇ 4ರಷ್ಟು ಬೆಳಕು ಪ್ರತಿಫಲಿಸಿ ಹಾಳಾಗುತ್ತೆ. ಸ್ಕೋಪಿನಲ್ಲಿ 10 ಲೆನ್ಸ್ ಇದ್ದರೆ 20 ಮೈ. ಲೆಕ್ಕ ಹಾಕಿ, ಕೊನೆಗೆ ಕಣ್ಣಿಗೆ ತಲುಪೋದು ಶೇ 44. ಒಳ್ಳೆ ಲೇಪನದಲ್ಲಿ ನಷ್ಟ ಪ್ರತಿ ಮೈಗೆ ಅರ್ಧ ಪರ್ಸೆಂಟ್ ಅಂತ ಹಿಡಿದರೂ ತಲುಪೋದು ಶೇ 90. ಪೆಟ್ಟಿಗೆ ಮೇಲೆ ‘ಫುಲ್ಲಿ ಮಲ್ಟಿ ಕೋಟೆಡ್’ ಅಂತ ಇದೆಯಾ ನೋಡಿ. ಬರೀ ‘ಕೋಟೆಡ್’ ಅಂದರೆ ಒಂದೆರಡು ಮೈಗೆ ಬಳಿದು ಕೈತೊಳೆದುಕೊಂಡಿರಬಹುದು.

ಇನ್ನು ಯಾದಗಿರಿಯ ಬಿಸಿಲು. ಇಲ್ಲಿನ ನಡುಮಧ್ಯಾಹ್ನದ ಬೆಳಕಲ್ಲಿ ಅರ್ಧಕ್ಕರ್ಧ ಸ್ಕೋಪುಗಳ ಕೆಂಪು ಚುಕ್ಕೆ ಕಾಣೋದೇ ಇಲ್ಲ. ಕೊಳ್ಳುವಾಗ ಚುಕ್ಕೆಯನ್ನು ಪೂರ್ತಿ ಜೋರು ಮಾಡಿ, ಹೊರಗೆ ಬಂದು ಬಿಸಿಲಲ್ಲಿ ಸುಣ್ಣ ಬಳಿದ ಗೋಡೆ ನೋಡಿ. ಕಂಡರೆ ಗೆದ್ದಿತು. ಬ್ಯಾಟರಿ ಸಾಮಾನ್ಯವಾಗಿ ಸಿಆರ್2032, ಎಲ್ಲ ಊರಲ್ಲೂ ಸಿಗುತ್ತೆ. ಬ್ಯಾಟರಿ ಸತ್ತರೂ ಗಾಜಿನ ಮೇಲೆ ಕೊರೆದ ಕಪ್ಪು ಗೆರೆ ಉಳಿಯುತ್ತೆ ಅನ್ನೋದು ಸ್ಕೋಪಿನ ಲಾಭ. ಬರೀ ‘ರೆಡ್ ಡಾಟ್’ ಸಾಧನಗಳಲ್ಲಿ ಬ್ಯಾಟರಿ ಹೋದರೆ ಗುರಿಯೇ ಹೋಯ್ತು. ದೃಷ್ಟಿದೋಷದಲ್ಲಿ ಅಸ್ಟಿಗ್ಮಾಟಿಸಂ ಇರೋರಿಗೆ ರೆಡ್ ಡಾಟ್ ಚುಕ್ಕೆ ನಕ್ಷತ್ರದ ಥರ ಚದುರಿ ಕಾಣುತ್ತೆ, ಅಂಥವರಿಗೆ ಸ್ಕೋಪೇ ವಾಸಿ.

ರೆಟಿಕಲ್ ಮುಂದೆಯೋ, ಹಿಂದೆಯೋ?

ಅಂಗಡಿಯವರು ‘ಫಸ್ಟ್ ಫೋಕಲ್ ಪ್ಲೇನ್’, ‘ಸೆಕೆಂಡ್ ಫೋಕಲ್ ಪ್ಲೇನ್’ ಅಂತ ಎರಡು ಬಗೆ ಹೇಳ್ತಾರೆ. ಮೊದಲನೆಯದರಲ್ಲಿ ಪವರ್ ಜಾಸ್ತಿ ಮಾಡಿದಂತೆ ಗೆರೆಯೂ ದೊಡ್ಡದಾಗುತ್ತೆ. ಗೆರೆಯ ಮೇಲಿನ ಗುರುತುಗಳ ಅಳತೆ ಯಾವ ಪವರಿನಲ್ಲೂ ಸರಿ. ಆದರೆ 1ಕ್ಕೆ ಇಟ್ಟಾಗ ಆ ಗೆರೆ ಕೂದಲೆಳೆಯಾಗಿ ಕಾಣದಂತಾಗುತ್ತೆ. ಎರಡನೆಯದರಲ್ಲಿ ಗೆರೆ ಸದಾ ಒಂದೇ ಗಾತ್ರ, 1ರಲ್ಲೂ ಸ್ಪಷ್ಟ. ಗುರುತುಗಳ ಅಳತೆ ಮಾತ್ರ ಸಾಮಾನ್ಯವಾಗಿ ಗರಿಷ್ಠ ಪವರಿನಲ್ಲಷ್ಟೇ ಸರಿ.

ದೂರ ದೂರದ ಗುರಿಗೆ ಗುಂಡು ಇಳಿಯೋ ಲೆಕ್ಕ ಹಾಕೋರಿಗೆ ಮೊದಲನೆಯದು ಬೇಕು. 1-8, 1-10ರಲ್ಲಿ ಅದಕ್ಕೆ ಅರ್ಥ ಇದೆ. ನೂರು ಮೀಟರ್ ದಾಟದ ಬಳಕೆಗೆ, 1-4 ಮತ್ತು 1-6ರಲ್ಲಿ, ಎರಡನೆಯದೇ ಸರಳ, ಅಗ್ಗ. ದಪ್ಪ ಗೆರೆ, ಮಧ್ಯೆ ಬೆಳಗುವ ಚುಕ್ಕೆ, ಅಷ್ಟಿದ್ದರೆ ಮುಗೀತು. ಕ್ರಿಸ್‌ಮಸ್ ಗಿಡದಂತೆ ತುಂಬಾ ಗೀಟು ಇರೋದು ಕತ್ತಲಲ್ಲಿ ಗೊಂದಲ.

ಕ್ಲಿಕ್ಕಿನ ಲೆಕ್ಕ

ಸ್ಕೋಪಿನ ಮೇಲೊಂದು, ಬಲಕ್ಕೊಂದು ತಿರುಗಣಿ ಇರುತ್ತೆ. ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತೆ. ಇದರಲ್ಲೂ ಎರಡು ಭಾಷೆ: ಮಿಲ್ ಮತ್ತು ಎಂಒಎ. ಮೀಟರಿನಲ್ಲಿ ಯೋಚಿಸುವ ನಮಗೆ ಮಿಲ್ ಸುಲಭ. 100 ಮೀಟರಿಗೆ 1 ಮಿಲ್ ಅಂದರೆ 10 ಸೆಂ.ಮೀ., 0.1 ಮಿಲ್‌ನ ಒಂದು ಕ್ಲಿಕ್ ಅಂದರೆ 1 ಸೆಂ.ಮೀ. 50 ಮೀಟರಿಗೆ ಅದರ ಅರ್ಧ. ಎಂಒಎ ಅಂದರೆ ಡಿಗ್ರಿಯ 60ನೇ ಒಂದು ಭಾಗ, 100 ಮೀಟರಿಗೆ ಸುಮಾರು 2.9 ಸೆಂ.ಮೀ. ಅದರ ಕಾಲು ಭಾಗದ ಕ್ಲಿಕ್ 0.73 ಸೆಂ.ಮೀ.

ಉದಾಹರಣೆ: 100 ಮೀಟರಿನಲ್ಲಿ ಗುಂಡು 6 ಸೆಂ.ಮೀ. ಕೆಳಗೆ, 4 ಸೆಂ.ಮೀ. ಬಲಕ್ಕೆ ಬಿತ್ತು. ಮಿಲ್ ಸ್ಕೋಪಿನಲ್ಲಿ 6 ಕ್ಲಿಕ್ ಮೇಲೆ, 4 ಕ್ಲಿಕ್ ಎಡಕ್ಕೆ. ಎಂಒಎಯಲ್ಲಿ 8 ಕ್ಲಿಕ್ ಮೇಲೆ, ಐದಾರು ಕ್ಲಿಕ್ ಎಡಕ್ಕೆ. ಯಾವುದಾದರೂ ಸರಿ, ರೆಟಿಕಲ್ ಮತ್ತು ತಿರುಗಣಿ ಎರಡೂ ಒಂದೇ ಭಾಷೆಯವಾಗಿರಲಿ. ತಿರುಗಣಿಗೆ ಮುಚ್ಚಳ ಇರಲಿ. ಪೊದೆಗೆ, ಜೇಬಿಗೆ ತಾಗಿ ತಾನೇ ತಿರುಗಿದರೆ ಮಾಡಿದ ಕೆಲಸವೆಲ್ಲ ನೀರುಪಾಲು.

ಮೌಂಟು: ಎಲ್ಲರೂ ಕಂಜೂಸು ಮಾಡುವ ಜಾಗ

ಸ್ಕೋಪಿಗೆ ಧಾರಾಳವಾಗಿ ಖರ್ಚು ಮಾಡಿ ಅದನ್ನು ಕೂರಿಸೋ ರಿಂಗಿಗೆ ಚಿಲ್ಲರೆ ಕೊಡುವವರನ್ನು ನೋಡಿದೀನಿ. ನನ್ನ ಪ್ರಕಾರ ಬಜೆಟ್ಟಿನ ಐದನೇ ಒಂದು ಪಾಲು ಮೌಂಟಿಗೆ ಎತ್ತಿಡಿ. ಸ್ಕೋಪಿನ ಕೊಳವೆ 25.4, 30 ಅಥವಾ 34 ಮಿ.ಮೀ. ಇರುತ್ತೆ, ರಿಂಗ್ ಅದೇ ಅಳತೆಯದ್ದು ಬೇಕು. ಸ್ಕ್ರೂಗಳನ್ನು ಕೈ ಅಂದಾಜಿನಲ್ಲಿ ಬಿಗಿ ಮಾಡಬೇಡಿ. ತಯಾರಕರು ಹೇಳಿದ ಟಾರ್ಕ್‌ಗೆ, ಟಾರ್ಕ್ ಸ್ಕ್ರೂಡ್ರೈವರಿನಿಂದ ಬಿಗಿಸಿ. ಸಡಿಲಾದರೆ ಗುರಿ ಅಲೆಯುತ್ತೆ, ಅತಿಯಾದರೆ ಕೊಳವೆ ನೆಗ್ಗುತ್ತೆ.

ಕಣ್ಣಿಗೂ ಸ್ಕೋಪಿಗೂ ನಡುವೆ 9-10 ಸೆಂ.ಮೀ. ಅಂತರ ಸಿಗುವಂಥದ್ದನ್ನೇ ಆರಿಸಿ. .315, .30-06ರಂಥ ರೈಫಲುಗಳ ಒದೆತಕ್ಕೆ ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ಹೊಲಿಗೆ ಹಾಕಿಸ್ಕೊಂಡವರು ಬೇಕಾದಷ್ಟು ಜನ ಇದ್ದಾರೆ. ತೂಕವನ್ನೂ ನೋಡಿ: ಸ್ಕೋಪು 450-600 ಗ್ರಾಂ, ಮೌಂಟು ಇನ್ನೊಂದು 200 ಗ್ರಾಂ ಅಂದರೆ ಮುಕ್ಕಾಲು ಕೆಜಿ ಹೆಚ್ಚಾಯ್ತು.

ಇಲ್ಲೊಂದು ಕಾನೂನಿನ ಮಾತು. ಇಛಾಪುರ ಫ್ಯಾಕ್ಟರಿಯ .315 ರೈಫಲುಗಳು ಬರೋದು ಕಬ್ಬಿಣದ ಗುರಿಯೊಂದಿಗೆ. ಸ್ಕೋಪ್ ಕೂರಿಸಲು ರೈಫಲಿನ ಮೈಗೆ ರಂಧ್ರ ಕೊರೆದು ಮರೆ ಹಾಕಬೇಕಾಗಬಹುದು. ಬಂದೂಕು ರಿಪೇರಿ, ಮಾರ್ಪಾಡು ಮಾಡೋಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕು. ಹಾಗಾಗಿ ಊರ ವೆಲ್ಡಿಂಗ್ ಅಂಗಡಿ, ಲೇತ್ ಅಂಗಡಿಗೆ ಒಯ್ಯೋ ಯೋಚನೆ ಬಿಡಿ. ಲೈಸೆನ್ಸ್ ಇರುವ ಬಂದೂಕು ಅಂಗಡಿಯವರೇ ಮಾಡಲಿ, ರಸೀದಿ ಇಟ್ಕೊಳ್ಳಿ.

ಯಾರಿಗೆ ಬೇಡ?

ಒಂದು, ತೋಟಾಕೋವಿ ಇರೋರಿಗೆ. ಜೋಡುನಳಿಗೆ ಕೋವಿಯ ಚರೆ ಕೆಲಸ ಮಾಡೋದೇ ಮೂವತ್ತು-ನಲವತ್ತು ಮೀಟರ್. ಅದಕ್ಕೆ 6ಎಕ್ಸ್ ಹಾಕೋದು ಸೈಕಲ್ಲಿಗೆ ಲಾರಿ ಗೇರ್ ಹಾಕಿದಂತೆ.

ಎರಡು, ಏರ್ ಗನ್ ಇರೋರಿಗೆ. 4.5 ಮಿ.ಮೀ. ಮತ್ತು 20 ಜೂಲ್ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ ಅಂತ ತುಂಬಾ ಜನ ಅದನ್ನೇ ತಗೊಂಡು ಮೇಲೆ ಈ ಸ್ಕೋಪ್ ಕೂರಿಸ್ತಾರೆ. ತಪ್ಪು ಎರಡು ಕಡೆ. ಕಡಿಮೆ ಪವರಿನ ಸ್ಕೋಪುಗಳ ಪ್ಯಾರಲಾಕ್ಸ್ ಅನ್ನು ಸಾಮಾನ್ಯವಾಗಿ 100 ಮೀಟರಿನ ಆಸುಪಾಸಿಗೆ ಹೊಂದಿಸಿರ್ತಾರೆ. 24 ಮಿ.ಮೀ. ಲೆನ್ಸಿನಲ್ಲಿ 25 ಮೀಟರಿನ ಗುರಿ ನೋಡುವಾಗ ಕಣ್ಣು ಪೂರ್ತಿ ಪಕ್ಕಕ್ಕೆ ಸರಿದರೆ 9 ಮಿ.ಮೀ.ವರೆಗೆ ಗುರಿ ತಪ್ಪಬಹುದು. ಹಂದಿಗೆ ಅದು ಲೆಕ್ಕಕ್ಕಿಲ್ಲ, ಏರ್ ಗನ್ನಿನ ಪುಟ್ಟ ಗುರಿಗೆ ಅದೇ ಸೋಲು. ಇನ್ನೊಂದು, ಸ್ಪ್ರಿಂಗ್ ಏರ್ ಗನ್ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಒದೆಯುತ್ತೆ. ಮುಂದಕ್ಕೆ ಒದೆಯುವ ಏಟಿಗೆ ತಯಾರಾಗದ ಸ್ಕೋಪಿನ ಲೆನ್ಸು ಒಳಗೇ ಅಲುಗಾಡಿ ಹೋಗುತ್ತೆ. ಏರ್ ಗನ್ನಿಗೆ ಅಂತಲೇ ಮಾಡಿದ, ಮುಂದಿನ ಲೆನ್ಸಿನಲ್ಲಿ ದೂರ ಹೊಂದಿಸಬಹುದಾದ ಸ್ಕೋಪ್ ಬೇರೆ ಇದೆ.

ಮೂರು, ಕ್ರೀಡೆಗೆ ಹೋಗುವ ಮಕ್ಕಳಿಗೆ. 10 ಮೀಟರ್ ಏರ್ ರೈಫಲ್, 50 ಮೀಟರ್ ರೈಫಲ್ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲ. ಅಲ್ಲಿ ಬಳಸೋದು ಸಣ್ಣ ರಂಧ್ರದ ಪೀಪ್ ಸೈಟ್. ಮಗಳಿಗೆ ಅಂತ ಸ್ಕೋಪ್ ತರೋ ದುಡ್ಡಲ್ಲಿ ಒಳ್ಳೆ ಶೂಟಿಂಗ್ ಜಾಕೆಟ್ ಕೊಡಿಸಿ, ಕ್ಲಬ್ಬಿನ ಫೀ ಕಟ್ಟಿ.

ಝೀರೋ ಮಾಡೋದು, ಉಳಿಸಿಕೊಳ್ಳೋದು

ಝೀರೋ ಅಂದರೆ ಚುಕ್ಕೆ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸೋದು. ಇದನ್ನು ಹೊಲದಲ್ಲಿ, ಹಳ್ಳದಲ್ಲಿ ಮಾಡಬೇಡಿ. ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲೇ ಆಗಬೇಕು. ರೈಫಲ್ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತೆ. ಮೊದಲು 25 ಮೀಟರಿಗೆ ಮೂರು ಗುಂಡು. ಮೂರರ ಮಧ್ಯಬಿಂದು ನೋಡಿ ತಿದ್ದಿ. ಒಂದೊಂದು ಗುಂಡಿಗೂ ತಿದ್ದುತ್ತಾ ಹೋದರೆ ಮುಗಿಯಲ್ಲ. ಆಮೇಲೆ 50 ಅಥವಾ 100 ಮೀಟರಿಗೆ ಹೋಗಿ ಮತ್ತೆ ಮೂರು. ಬಳಸೋದು ಯಾವ ತೋಟಾವೋ ಅದರಲ್ಲೇ ಝೀರೋ ಮಾಡಿ.

ಮುಗಿದ ಮೇಲೆ ಎರಡೂ ತಿರುಗಣಿಯ ಸ್ಥಾನವನ್ನು ಚೀಟಿಯಲ್ಲಿ ಬರೆದು ಲೈಸೆನ್ಸ್ ಪುಸ್ತಕದ ಜೊತೆ ಇಡಿ. ಯಾಕಂದರೆ ಚುನಾವಣೆ ಬಂತು ಅಂದರೆ ಬಂದೂಕು ಠಾಣೆಯಲ್ಲಿ ಠೇವಣಿ ಇಡೋ ಆದೇಶ ಬರಬಹುದು. ತಿಂಗಳುಗಟ್ಟಲೆ ನೂರಾರು ಬಂದೂಕಿನ ಜೊತೆ ಗೋಡೆಗೆ ಒರಗಿ ನಿಂತು ಬಂದ ರೈಫಲ್ಲಿನ ಸ್ಕೋಪು ಹೋದಂತೆಯೇ ವಾಪಸ್ ಬಂದಿದೆ ಅಂತ ನಂಬಬೇಡಿ. ಮೊದಲು ರೇಂಜ್, ಆಮೇಲೆ ಹೊಲ.

ಎರೆ ಮಣ್ಣಿನ ಧೂಳು ಲೆನ್ಸಿನ ಶತ್ರು. ಹೆಗಲ ಟವೆಲ್ಲಿನಿಂದ ಒರೆಸಿದರೆ ಲೇಪನಕ್ಕೆ ಗೀರು. ಮೊದಲು ಗಾಳಿ ಊದುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿ, ಆಮೇಲೆ ಲೆನ್ಸ್ ಬಟ್ಟೆ. ಐಪಿಎಕ್ಸ್7 ಅಂತ ಇದ್ದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ ಅಂತ ಅರ್ಥ, ಮಳೆಗೆ ಅಷ್ಟು ಸಾಕು.

ಬಂದೂಕಿನ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ

ಇದನ್ನು ದಪ್ಪ ಅಕ್ಷರದಲ್ಲಿ ಬರೀಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಕಾಡುಹಂದಿ ಈಗ 2ನೇ ಷೆಡ್ಯೂಲಿನಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು 11ನೇ ಸೆಕ್ಷನ್ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಅದಿಲ್ಲದೆ ಹೊಡೆದರೆ ಅದು ಬೇಟೆ ಅಪರಾಧ. ನಮ್ಮ ಬಯಲಿನ ಚಿಗರಿ, ನವಿಲು ಎರಡೂ 1ನೇ ಷೆಡ್ಯೂಲಿನವು. ಬೆಳೆ ತಿಂದವು ಅನ್ನೋ ಕಾರಣಕ್ಕೆ ಅವನ್ನು ಮುಟ್ಟುವಂತೆಯೇ ಇಲ್ಲ. ಏರ್ ಗನ್ನಿಂದ ಹೊಡೆದರೂ ಅಷ್ಟೇ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇದೆ. ಆದರೆ ವನ್ಯಜೀವಿ ಕಾಯ್ದೆಯಿಂದ ಯಾರಿಗೂ ಇಲ್ಲ.

2019ರ ತಿದ್ದುಪಡಿ ನಂತರ ಒಬ್ಬರು ಇಟ್ಕೊಳ್ಳಬಹುದಾದ ಬಂದೂಕು ಎರಡೇ, ಮೊದಲು ಮೂರಿತ್ತು. ಇನ್ನು ಥರ್ಮಲ್, ನೈಟ್ ವಿಷನ್ ಸ್ಕೋಪುಗಳನ್ನು ವಿದೇಶದಿಂದ ತರಿಸೋ ಆಸೆ ಇದ್ದರೆ ಮೊದಲು ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಲ್ಲಿ, ಕಸ್ಟಮ್ಸ್‌ನಲ್ಲಿ ಲಿಖಿತವಾಗಿ ಕೇಳಿ. ಅಂಗಡಿಯವರ ಬಾಯಿಮಾತು ದಾಖಲೆ ಅಲ್ಲ.

ಹಾಗಾದರೆ ಯಾವುದು ತಗೋಬೇಕು?

ಕಾಕಾನಂಥವರಿಗೆ, ಅಂದರೆ ರೈಫಲ್ ಇದೆ, ದೂರ ನೂರು ಮೀಟರ್ ಒಳಗೆ, ಬಳಕೆ ಮುಸ್ಸಂಜೆ-ನಸುಕು ಅನ್ನೋರಿಗೆ, ನನ್ನ ಪಟ್ಟಿ ಇದು:

- 1-4×24 ಅಥವಾ 1-6×24. ಅದಕ್ಕಿಂತ ಮೇಲೆ ಹೋಗಬೇಡಿ.
- ಸೆಕೆಂಡ್ ಫೋಕಲ್ ಪ್ಲೇನ್, ಸರಳ ದಪ್ಪ ಗೆರೆ, ಬಿಸಿಲಲ್ಲೂ ಕಾಣುವ ಚುಕ್ಕೆ.
- ಫುಲ್ಲಿ ಮಲ್ಟಿ ಕೋಟೆಡ್ ಗಾಜು, 30 ಮಿ.ಮೀ. ಕೊಳವೆ, ಮುಚ್ಚಳ ಇರುವ ತಿರುಗಣಿ.
- ಕಣ್ಣಿನ ಅಂತರ ಕನಿಷ್ಠ 9 ಸೆಂ.ಮೀ.
- ಕಂಪನಿಯ ವಾರಂಟಿ, ಭಾರತದಲ್ಲೇ ಸರ್ವಿಸ್ ಸಿಗುವ ಖಾತ್ರಿ.
- ಒಂದೇ ದುಡ್ಡಿನಲ್ಲಿ ಹೆಚ್ಚು ಪವರಿನ ಸಾಧಾರಣ ಗಾಜು, ಕಡಿಮೆ ಪವರಿನ ಒಳ್ಳೆ ಗಾಜು ಎರಡೂ ಸಿಕ್ಕರೆ ಎರಡನೆಯದು.

ಆದರೆ ಇದಕ್ಕೂ ಮುಂಚೆ ತಗೋಬೇಕಾದ್ದು ಬೇರೆ ಇದೆ: ಒಂದು 8×42 ಬೈನಾಕ್ಯುಲರ್, ಒಂದು ಒಳ್ಳೆ ಟಾರ್ಚ್. ಸ್ಕೋಪಿನಿಂದ ಏನನ್ನೇ ನೋಡಿದರೂ ಬಂದೂಕಿನ ನಳಿಗೆ ಅತ್ತ ತಿರುಗಿರುತ್ತೆ. ‘ಯಾರದು’ ಅಂತ ನೋಡೋಕೆ ಸ್ಕೋಪ್ ಎತ್ತುವುದು ಅಂದರೆ ಒಬ್ಬ ಮನುಷ್ಯನ ಎದೆಗೆ ಬಂದೂಕು ಹಿಡಿಯುವುದು. ಹುಡುಕೋದು, ಗುರುತಿಸೋದು ಬೈನಾಕ್ಯುಲರ್ ಕೆಲಸ. ಸ್ಕೋಪ್ ಬರೋದು ಆಮೇಲೆ, ಎಲ್ಲ ಖಚಿತ ಆದಮೇಲೆ.

1705ರಲ್ಲಿ ಔರಂಗಜೇಬ್ ತನ್ನ ಕೊನೆಯ ಮುತ್ತಿಗೆ ಹಾಕಿದ್ದು ಇದೇ ಸುರಪುರದ ಹತ್ತಿರದ ವಾಗಿನಗೇರಾ ಕೋಟೆಗೆ. ಬೇಡರ ಬಂದೂಕಿನ ಗುರಿಗೆ ಮೊಗಲರ ಸೈನ್ಯವೇ ತಡವರಿಸಿತ್ತು. ಅವರ ಬತ್ತಿ ಬಂದೂಕಿಗೆ ಯಾವ ಗಾಜೂ ಇರಲಿಲ್ಲ. “ಅವ್ರ ಕಾಲದಾಗ ಎಂಟ್ ಎಕ್ಸ್ ಇತ್ತೇನು?” ಅಂತ ನಾನೇ ಕಾಕಾನನ್ನು ಕೇಳಿದೆ. ನಕ್ಕರು.

ಕಾಕಾ ಆ ವರ್ಷ ಸ್ಕೋಪ್ ಕೊಳ್ಳಲಿಲ್ಲ. ಬೈನಾಕ್ಯುಲರ್ ತಗೊಂಡರು, ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟರು. ಸಂಕ್ರಾಂತಿ ಹೊತ್ತಿಗೆ ಫೋನ್ ಮಾಡಿ ಹೇಳಿದ್ದು: “ತಮ್ಮಾ, ಮೊನ್ನಿ ರಾತ್ರಿ ಮೂರಕ್ಕ ತೊಗರ್ಯಾಗ ಸಪ್ಪಳಾತು. ಟಾರ್ಚ್ ಬಿಟ್ಟು ದುರ್ಬೀನಿನಾಗ ನೋಡ್ದೆ. ಬಾಜೂ ಹೊಲದವ, ಮೋಟರ್ ಹಚ್ಚಾಕ ಹೊಂಟಿದ್ದ. ಕೂಗಿ ಕರ್ದು ಚಾ ಕುಡಿಸಿ ಕಳಿಸ್ದೆ.” ಸ್ಕೋಪಿನ ಮಾತು ಈ ವರ್ಷ ನೋಡೋಣ ಅಂದರು. ತಗೊಂಡರೆ 1-4, ಅದೂ ರೇಂಜಿಗೆ ಹೋಗಿ ಬಂದಮೇಲೆ ಅಂತ ಒಪ್ಪಂದ ಆಗಿದೆ.